ರೂಟರ್ ಕೋಣೆಯ ಗುರುವಾರಗಳು

ನಾನು ನಿಂತಿದ್ದದ್ದು ಯೆರವಡಾದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ, ರೂಟರ್ ಕೋಣೆಯ ಒಳಗೆ, ಶರಣಪ್ಪನ ಕುರ್ಚಿಗಿಂತ ಎರಡು ಹೆಜ್ಜೆ ಹಿಂದೆ, ಒಂದು ಮೊಳದಷ್ಟು ಬಲಕ್ಕೆ. 2006ರ ಜೂನ್ ತಿಂಗಳ ನಾಲ್ಕನೆಯ ಗುರುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗೋಡೆಯ ಗಡಿಯಾರವನ್ನೂ ನೋಡಿದ್ದೆ, ಪರದೆಯ ಮೂಲೆಯಲ್ಲಿದ್ದ ವೇಳೆಯನ್ನೂ ನೋಡಿದ್ದೆ. ಗೋಡೆಯದು ಒಂದು ನಿಮಿಷ ಮುಂದಿತ್ತು. ಇಷ್ಟನ್ನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಇದಕ್ಕಿಂತ ಹೆಚ್ಚಿನದನ್ನು ಹೇಳುವಾಗ ನಿಧಾನಿಸಬೇಕೆಂದು ಕಲಿತದ್ದು ಆ ಮಳೆಗಾಲದಲ್ಲಿ.

ಕಳೆದ ತಿಂಗಳು ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದಾಗ ಮಳೆ ಬಂತು. ಓಡಿಹೋಗಿ ನಿಂತದ್ದು ಅದೇ ಕಟ್ಟಡದ ಕೆಳಗೆ. ನೆಲಮಹಡಿಯಲ್ಲಿ ಈಗ ಬ್ಯಾಟರಿ ಅಂಗಡಿ. ಆಸಿಡ್ಡು, ಒದ್ದೆಯಾದ ರಟ್ಟಿನ ಪೆಟ್ಟಿಗೆ, ಕಾದ ತಂತಿಯ ರಬ್ಬರು, ಎಲ್ಲ ಕೂಡಿದ ವಾಸನೆ. ನಮ್ಮ ರೂಟರ್ ಕೋಣೆ ಹೀಗೇ ನಾರುತ್ತಿತ್ತು. ಮಳೆ ನಿಂತ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿಂದ ಕದಲಲಿಲ್ಲ.

ನಮ್ಮದು ಚಿಕ್ಕ ಇಂಟರ್‌ನೆಟ್ ಕಂಪನಿ. ಅದರ ಹೆಸರು ಬೇಡ, ಈಗ ಅದು ಉಳಿದಿಲ್ಲ. ಗ್ರಾಹಕ ತನ್ನ ಮೋಡೆಮ್ ಹಚ್ಚಿದೊಡನೆ ಅವನ ಹೆಸರು ನಮ್ಮ ರೂಟರಿನಲ್ಲಿ ಒಂದು ಸಾಲಾಗಿ ಮೂಡುತ್ತಿತ್ತು. ಅದಕ್ಕೆ ಸೆಷನ್ ಎನ್ನುತ್ತಿದ್ದೆವು. ಆ ಸೆಷನ್ನಿಗೆ ಅವನು ಕೊಂಡ ಸೇವೆಯನ್ನು, ಅಂದರೆ ಸಾದಾ ವೇಗವನ್ನೋ ಹೆಚ್ಚಿನ ವೇಗವನ್ನೋ, ಜೋಡಿಸಬೇಕು. ಸಾಮಾನ್ಯವಾಗಿ ಬಿಲ್ಲಿಂಗ್ ಯಂತ್ರವೇ ಜೋಡಿಸುತ್ತಿತ್ತು. ಅದು ಕೈಕೊಟ್ಟ ದಿನ ನಾವು ಕೈಯಿಂದ ಕೊಡುತ್ತಿದ್ದೆವು: ಕಪ್ಪು ಪರದೆಯ ಮೇಲೆ ಒಂದು ಕಮಾಂಡು, ಗ್ರಾಹಕನ ಹೆಸರು, ಅವನ ತಂತಿ ಬಂದು ಸೇರುವ ಪೋರ್ಟಿನ ನಂಬರು, ಸೇವೆಯ ಹೆಸರು, ಕೊನೆಗೆ ಎಂಟರ್. ಅದೇ ಸಾಲಿನ ಮೊದಲಿಗೆ 'ನೋ' ಎಂದು ಸೇರಿಸಿ ಒತ್ತಿದರೆ ಕೊಟ್ಟ ಸೇವೆ ವಾಪಸು ಬರುತ್ತಿತ್ತು. ಪೋರ್ಟ್ ನಂಬರು ಬಿಟ್ಟು ಹೆಸರಷ್ಟೇ ಹಾಕಿದರೂ ರೂಟರ್ ಒಪ್ಪಿಕೊಳ್ಳುತ್ತಿತ್ತು. ಹೀಗೆ ಕೈಯಿಂದ ಕೊಟ್ಟದ್ದಕ್ಕೆ ಬಿಲ್ಲಿಂಗಿನಲ್ಲಿ ದಾಖಲೆ ಇರುತ್ತಿರಲಿಲ್ಲ. ಮೋಡೆಮ್ ಆರಿದರೆ ಅದೂ ಆರಿಹೋಗುತ್ತಿತ್ತು. ಕೊಟ್ಟವರು ಯಾರೆಂಬುದೂ ತಿಳಿಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಕೆಲಸ ಮಾಡುವ ಮೂವರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಿದ್ದೆವು.

ಮೂವರಲ್ಲಿ ಸುನೀತಾ ಹಳಬಳು, ಖಾಯಂ ನೌಕರಿಯವಳು. ಸಾಸವಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ಗುರುವಾರ ಅವಳ ರಜೆ. ಶರಣಪ್ಪ ಮತ್ತು ನಾನು ಕಾಂಟ್ರಾಕ್ಟಿನವರು. ಶರಣಪ್ಪನ ತಂದೆ ತಾಯಿ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಯೆರವಡಾದಲ್ಲಿ ನಿಂತವರು. ಅವನು ಮೊದಲು ನಮ್ಮ ಕಂಪನಿಯ ಕೇಬಲ್ ಹೂಳುವ ತಗ್ಗು ತೋಡಿದವನು, ಆಮೇಲೆ ತಂತಿ ಜೋಡಿಸಲು ಕಲಿತವನು, ಆಮೇಲೆ ಸುನೀತಾಳ ಹಿಂದೆ ನಿಂತು ನೋಡಿ ನೋಡಿ ಕಮಾಂಡು ಕಲಿತು ಕುರ್ಚಿಗೆ ಬಂದವನು. ನಾನು ಪುಣೆಯಲ್ಲೇ ಹುಟ್ಟಿದವನು. ಅಪ್ಪ ವಿಜಾಪುರದಿಂದ ಬಂದು ಇಲ್ಲಿ ಗುಮಾಸ್ತನಾಗಿದ್ದರು. ನನ್ನಲ್ಲಿ ಡಿಪ್ಲೊಮಾ ಇತ್ತು. ಆ ಜುಲೈಗೆ ಒಂದು ಖಾಯಂ ಜಾಗ ಬರುವುದಿತ್ತು, ಒಂದೇ ಒಂದು. ಹಿರಿತನದ ಮೇಲೆ ಅದು ಶರಣಪ್ಪನದು. ಸಿಗದಿದ್ದರೆ ಅವನು ಮತ್ತೆ ತಗ್ಗಿಗೆ ಇಳಿಯಬೇಕು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂಗಡಿಕಾರರಿಗಾಗಿ ಕಂಪನಿ ಒಂದು ಜೋಡಿ ಯೋಜನೆ ಮಾಡಿತ್ತು. ಒಂದೇ ಹೆಸರು, ಎರಡು ತಂತಿ: ಒಂದು ಅಂಗಡಿಗೆ, ಒಂದು ಮನೆಗೆ. ಹೆಚ್ಚಿನ ವೇಗ ಅಂಗಡಿಗೆ ಮಾತ್ರ, ಮನೆಗೆ ಸಾದಾ. ಈ ಜೋಡಿಗಳನ್ನೇ ಬಿಲ್ಲಿಂಗ್ ಯಂತ್ರ ಸರಿಯಾಗಿ ಗುರುತು ಹಿಡಿಯುತ್ತಿರಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ನಾವೇ ಕೊಡಬೇಕು. ಪುಣೆಯಲ್ಲಿ ಗುರುವಾರವೆಂದರೆ ರಿಪೇರಿಗಾಗಿ ಕರೆಂಟು ತೆಗೆಯುವ ದಿನ. ಬೆಳಗ್ಗೆ ಹೋದದ್ದು ಮಧ್ಯಾಹ್ನ ಎರಡೂವರೆ ಮೂರಕ್ಕೆ ಬರುತ್ತಿತ್ತು, ಒಮ್ಮೊಮ್ಮೆ ಬಂದು ಮತ್ತೆ ಹೋಗುತ್ತಿತ್ತು. ಬಂದೊಡನೆ ನೂರಾರು ಮೋಡೆಮ್ಮುಗಳು ಒಟ್ಟಿಗೆ ಎಚ್ಚರಾಗುತ್ತಿದ್ದವು.

ನಾನು ಜೋಡಿಯವರ ಹೆಸರುಗಳನ್ನೆಲ್ಲ ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟುಕೊಂಡಿದ್ದೆ. ಕರೆಂಟು ಬಂತೆಂದರೆ ಪೂರ್ತಿ ಪಟ್ಟಿಯನ್ನು ಒಮ್ಮೆಗೇ ಪರದೆಗೆ ಸುರಿಯುತ್ತಿದ್ದೆ. ಪೋರ್ಟ್ ನಂಬರು ಇಲ್ಲದ, ಬರಿಯ ಹೆಸರಿನ ಪಟ್ಟಿ. ಎರಡು ನಿಮಿಷದ ಕೆಲಸ. ಶುರುವಿನಲ್ಲಿ ಎರಡು ಮೂರು ಬೆಳಗ್ಗೆ ಪರೀಕ್ಷಿಸಿ ನೋಡಿದ್ದೆ. ಪ್ರತಿ ಸಲ ಸೇವೆ ಅಂಗಡಿಗೇ ಹೋಗಿತ್ತು. ಶರಣಪ್ಪ ಮಾತ್ರ ಒಂದೊಂದನ್ನೇ ಹುಡುಕಿ, ನಂಬರು ನೋಡಿ, ಎರಡು ಬೆರಳಿನಲ್ಲಿ ಕುಟ್ಟುತ್ತ ಕೂಡುತ್ತಿದ್ದ.

ಮೇ ತಿಂಗಳಲ್ಲಿ ಒಂದು ದಿನ ಅವನು ಹೇಳಿದ, "ರಾಯರ, ಬರೀ ಹೆಸರು ಒಗದ್ರ ಅದು ಎತ್ತ ಹೋಗ್ತದೋ ಯಾರಿಗಿ ಗೊತ್ತ್ರಿ? ಒಂದು ಹೆಸರಿಗಿ ಎರಡು ತಂತಿ ಅವ. ನಂಬರ್ ಹಾಕ್ರಿ."

"ಶರಣಪ್ಪ, ತಗ್ಗು ತೋಡೂ ಮುಂದ ಯಾವ ತಂತಿ ಎಲ್ಲಿ ಹೋತು ಅಂತ ನೋಡಬೇಕಾಗ್ತದ, ಖರೆ. ಇದು ತಗ್ಗಲ್ಲ, ರೂಟರ್. ಅದಕ್ಕ ಬುದ್ಧಿ ಅದ," ಎಂದೆ.

"ಅದಕ್ಕ ಬುದ್ಧಿ ಇದ್ರ ನಮ್ಮನ್ಯಾಕ ಇಟ್ಕೊಂಡಾರ್ರಿ?" ಎಂದು ನಕ್ಕ. ನಾನೂ ನಕ್ಕೆ. ಆದರೆ ತಗ್ಗಿನ ಮಾತು ಅವನಿಗೆ ತಾಗಿತ್ತು. ಮತ್ತೆ ಅವನು ಆ ವಿಷಯ ಎತ್ತಲಿಲ್ಲ.

ಜೂನ್ ಮೂರನೆಯ ವಾರ ಕಳೆದ ಮೇಲೆ, ಸೋಮವಾರ, ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕರು ಕೊಡೆಯಿಂದ ನೀರು ಇಳಿಸುತ್ತ ಬಂದು ನಮ್ಮ ಮ್ಯಾನೇಜರ್ ದೇವಧರ ಅವರ ಮುಂದೆ ಕುಳಿತರು. ಕಳೆದ ಗುರುವಾರ ಮಧ್ಯಾಹ್ನದ ಮೇಲೆ ಪ್ರೆಸ್ಸಿನಲ್ಲಿ ಫೈಲು ಇಳಿಯಲೇ ಇಲ್ಲ, ಮನೆಯಲ್ಲಿ ಮಾತ್ರ ಮಗ ಇಡೀ ಸಿನಿಮಾ ಇಳಿಸಿಕೊಂಡಿದ್ದಾನೆ, ಇದೆಂಥ ವ್ಯವಹಾರ ಎಂದು ಕೇಳಿದರು. ಅವರು ಹೋದ ಮೇಲೆ ದೇವಧರ ನನ್ನನ್ನು ಕರೆದು ಬಾಗಿಲು ಹಾಕಿದರು. ಅವರು ಆಡಿದ್ದು ಮರಾಠಿಯಲ್ಲಿ.

"ಅಂಗಡಿಯ ವೇಗವನ್ನು ಯಾರೋ ಮನೆಗಳಿಗೆ ತಿರುಗಿಸುತ್ತಿದ್ದಾರೆ. ಬಿಲ್ಲಿಂಗಿನಲ್ಲಿ ಇಲ್ಲ, ಅಂದರೆ ಕೈಯಿಂದ ಮಾಡಿದ್ದು. ಗುರುವಾರ ಸುನೀತಾ ಇರುವುದಿಲ್ಲ. ಉಳಿದವರು ನೀವಿಬ್ಬರು." ಆಮೇಲೆ, "ನಿನ್ನ ಮನೆತನ ನನಗೆ ಗೊತ್ತು. ಆ ಮನೆಗಳಲ್ಲಿ ಓಡಾಟ ಯಾರಿಗಿದೆ ಅನ್ನುವುದನ್ನು ನೀನೇ ಯೋಚಿಸು," ಎಂದರು.

ಯೋಚಿಸಿದೆ. ಅಂದಿನಿಂದ ಶರಣಪ್ಪ ಮಾಡಿದ್ದೆಲ್ಲ ನನಗೆ ಬೇರೆ ಬಣ್ಣದಲ್ಲಿ ಕಾಣಿಸತೊಡಗಿತು. ತಂತಿ ಜೋಡಿಸುವ ಕಾಲದಿಂದ ಅವನಿಗೆ ಎಲ್ಲರ ಮನೆಯ ಒಳಗಿನ ಪರಿಚಯ ಇತ್ತು. ಯಾವುದೋ ಮನೆಯವರು ಕೊಟ್ಟ ಮಾವಿನ ಉಪ್ಪಿನಕಾಯಿ ಅವನ ಡಬ್ಬಿಯಲ್ಲಿ ಇರುತ್ತಿತ್ತು. ಹಿಂದೆ ನಾನೂ ಬೆರಳದ್ದಿ ತಿಂದ ಉಪ್ಪಿನಕಾಯಿ ಅದು. ಈಗ ಅದು ಲಂಚದಂತೆ ಕಂಡಿತು. ಗುರುವಾರಗಳಂದು ಅವನು ಕಾರಿಡಾರಿನ ತುದಿಗೆ ಹೋಗಿ ತಗ್ಗಿದ ದನಿಯಲ್ಲಿ ಫೋನು ಮಾಡುತ್ತಿದ್ದ. ಹಿಂದೊಮ್ಮೆ ಅದು ನನ್ನ ಕಿವಿಗೆ ಬಿದ್ದಿತ್ತು. "ಕಿತೀ ವಾಜತಾ? ಚಾರ? ಬರಂ, ಬರಂ," ಅಂದರೆ ಎಷ್ಟಕ್ಕೆ, ನಾಕಕ್ಕಾ, ಆಯ್ತು ಆಯ್ತು, ಎನ್ನುತ್ತಿದ್ದ. ಯಾವುದು ನಾಲ್ಕಕ್ಕೆ?

ಇನ್ನೊಂದು, ಅವನ ನೋಟ್‌ಬುಕ್ಕು. ಕಮಾಂಡುಗಳನ್ನು ಇಂಗ್ಲಿಷಿನಲ್ಲಿ, ಪಕ್ಕದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಂಡಿದ್ದ. ಬುಧವಾರ ಅವನು ಚಹಾಕ್ಕೆ ಇಳಿದಾಗ ದೇವಧರ ಅದನ್ನು ತಂದು ನನ್ನ ಮುಂದೆ ಹಿಡಿದರು.

"ಈ ಗುಂಡು ಅಕ್ಷರ ನಿನಗೇ ಬರುವುದು. ಓದು."

ಓದಿದೆ. "ಪ್ರೆಸ್ಸು, ನಾಕಕ್ಕ. ಫೋಟೊ ಸ್ಟುಡಿಯೊ, ನಾಕೂವರಿಗೆ. ಟೈಪಿಂಗ್ ಕ್ಲಾಸು, ಐದಕ್ಕ." ಮರಾಠಿಯಲ್ಲಿ ಹೇಳಿದೆ.

"ಏನು ಇದು, ಭೇಟಿಯ ವೇಳೆಯೋ?"

"ಗೊತ್ತಿಲ್ಲ ಸರ್," ಎಂದೆ. ಗೊತ್ತಿಲ್ಲ ಎಂದದ್ದು ನಿಜ. ಆದರೆ ಗೊತ್ತಿಲ್ಲ ಎಂಬುದನ್ನು ಯಾವ ದನಿಯಲ್ಲಿ ಹೇಳಿದೆನೋ ಅದು ನಿಜವಾಗಿರಲಿಲ್ಲ. ಅದರಲ್ಲಿ ಅನುಮಾನವನ್ನು ಬೇಕೆಂದೇ ಬೆರೆಸಿದ್ದೆ.

ಮರುದಿನ ಜಿಟಿಜಿಟಿ ಮಳೆ. ಸುನೀತಾ ಸಾಸವಡದಲ್ಲಿದ್ದಳು. ಆ ವಾರ ಅಲ್ಲಿಗೆ ಆಷಾಢ ಯಾತ್ರೆಯ ಪಾಲಖಿ ಬರುವುದಿತ್ತು, ಅವಳ ಮನೆಯಲ್ಲಿ ಅದರೊಂದಿಗೆ ನಡೆದು ಬರುವ ವಾರಕರಿಗಳ ಊಟಕ್ಕೆ ಪಿಠಲೆ ಭಾಕರಿಯ ತಯಾರಿ. ಎರಡೂ ನಲವತ್ತಕ್ಕೆ ಕರೆಂಟು ಬಂತು. ನಾನು ಎಂದಿನಂತೆ ಪಟ್ಟಿ ಸುರಿದು, ಕುರ್ಚಿ ಬಿಟ್ಟುಕೊಟ್ಟು, ಚಹಾ ಕುಡಿಯಲು ಇಳಿದೆ. ಮೇಲೆ ಬರುವಷ್ಟರಲ್ಲಿ ದೇವಧರ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ತಮ್ಮ ಕಂಪ್ಯೂಟರಿನಲ್ಲಿ ಆಗಷ್ಟೇ ನೋಡಿದ್ದಾಗಿಯೂ ಪ್ರೆಸ್ಸಿನವರ ಮನೆಗೆ ಹೆಚ್ಚಿನ ವೇಗ ಹೋಗಿರುವುದಾಗಿಯೂ ಹೇಳಿದರು. "ಒಳಗೆ ಹೋಗು. ಹಿಂದೆ ನಿಂತು ನೋಡು. ಏನು ಒತ್ತುತ್ತಾನೆ ಅಷ್ಟೇ ನನಗೆ ಬೇಕು."

ಹೋಗಿ ನಿಂತೆ. ಎಲ್ಲಿ ಎಂಬುದನ್ನು ಮೊದಲೇ ಹೇಳಿದ್ದೇನೆ. ಶರಣಪ್ಪ ತಿರುಗಿ ನೋಡಲಿಲ್ಲ. ಚಹಾ ಮುಗಿಸಿ ಬಂದಿದ್ದೇನೆಂದು ತಿಳಿದಿರಬೇಕು. ಅವನ ಎರಡು ಬೆರಳು ಓಡುತ್ತಿದ್ದವು. ಪ್ರೆಸ್ಸಿನ ಹೆಸರು ಕಂಡೆ. ಅದರ ಮುಂದೆ ಪೋರ್ಟಿನ ನಂಬರು ಕಂಡೆ, ಅದು ಅಂಗಡಿಯದಲ್ಲ, ಮನೆಯದು. ಅದರ ಮುಂದೆ ಹೆಚ್ಚಿನ ವೇಗದ ಸೇವೆಯ ಹೆಸರು ಕಂಡೆ. ಎಂಟರ್ ಒತ್ತಿದ. ಸಾಲು ಎಲ್ಲಿ ಶುರುವಾಗುತ್ತದೋ ಆ ಜಾಗದ ಮೇಲೆ ಅವನ ತಲೆ ಇತ್ತು.

ಗಾಜಿನ ಬಾಗಿಲಿನ ಆಚೆ ನಿಂತಿದ್ದ ದೇವಧರರಿಗೆ ತಲೆಯಾಡಿಸಿದೆ. ಅವರು ಒಳಗೆ ಬಂದು, "ಏಳು, ಕೀಬೋರ್ಡು ಬಿಡು," ಎಂದು ತಾವೇ ಬಗ್ಗಿ ಪರದೆಯ ಕಿಟಕಿಯನ್ನು ಮುಚ್ಚಿದರು. ಅವನು ಏನನ್ನೂ ಅಳಿಸಬಾರದೆಂದು ಹಾಗೆ ಮಾಡಿದರಂತೆ. ಒತ್ತಿದ ಸಾಲುಗಳೆಲ್ಲ ಅದರೊಂದಿಗೇ ಹೋದವು. ಇನ್ನೊಂದು ಕಿಟಕಿ ತೆರೆದು ಪ್ರೆಸ್ಸಿನವರ ಮನೆಯ ಸೆಷನ್ ನೋಡಬೇಕು ಎನ್ನುವಷ್ಟರಲ್ಲಿ ಹೊರಗೆ ಕರೆಂಟು ಮತ್ತೆ ಹೋಯಿತು. ನಮ್ಮ ರೂಟರ್ ಬ್ಯಾಟರಿಯ ಮೇಲೆ ಗುಂಯ್ ಎನ್ನುತ್ತಿತ್ತು. ಆದರೆ ಅದರೊಳಗೆ ಆ ಬಡಾವಣೆಯ ಒಂದು ಹೆಸರೂ ಉಳಿದಿರಲಿಲ್ಲ.

ಶರಣಪ್ಪ ತನಗೆ ಬರುವಷ್ಟು ಮರಾಠಿಯಲ್ಲಿ ಹೇಳಿದ, ತಾನು ಕೊಡಲಿಲ್ಲ, ತೆಗೆದೆ ಎಂದು.

"ಹಾಗಾದರೆ ಕೊಟ್ಟವರು ಯಾರು?" ದೇವಧರ ಕೇಳಿದರು.

ಶರಣಪ್ಪ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದ.

ದೇವಧರ ನನ್ನತ್ತ ತಿರುಗಿದರು. ನಾನು ಕಂಡದ್ದನ್ನು ಕ್ರಮವಾಗಿ ಹೇಳಿದೆ: ಹೆಸರು, ಮನೆಯ ಪೋರ್ಟು, ಸೇವೆ, ಎಂಟರ್.

"ಮೊದಲಿಗೆ ನೋ ಇತ್ತೋ ಇಲ್ಲವೋ?"

ಆಗ ಶರಣಪ್ಪ ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದ. ಸಿಟ್ಟಿನ ದನಿಯಲ್ಲ, ತಂತಿ ಎಲ್ಲಿ ಕಡಿದಿದೆ ಎಂದು ಕೇಳುವ ದನಿ. "ರಾಯರ, ಸಾಲು ಮೊದಲಿಂದ ಕಂಡೀರೇನ್ರಿ? ಕಂಡಿದ್ರ ಕಂಡೀನಿ ಅನ್ರಿ. ಕಂಡಿಲ್ಲಂದ್ರ ಕಂಡಿಲ್ಲ ಅನ್ರಿ."

"ಕಂಡೀನಿ," ಎಂದೆ. ದೇವಧರರಿಗೆ ಮರಾಠಿಯಲ್ಲಿ, "ಇರಲಿಲ್ಲ," ಎಂದೆ.

ಯಾಕೆ ಹಾಗೆಂದೆ ಎಂಬುದಕ್ಕೆ ಬಹಳ ವರ್ಷ ಒಂದು ಉತ್ತರ ಇಟ್ಟುಕೊಂಡಿದ್ದೆ: ನೋಡಲೆಂದೇ ನಿಲ್ಲಿಸಿದ್ದರು, ನೋಡಲಿಲ್ಲ ಎನ್ನಲು ನಾಚಿಕೆಯಾಯಿತು. ಇದು ಅರ್ಧ ನಿಜ. ಉಳಿದರ್ಧ ಜುಲೈನ ಆ ಒಂದು ಜಾಗ.

ಅಂದೇ ಸಂಜೆ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದುಕೊಟ್ಟು ಸಹಿ ಮಾಡಿದೆ. ಶರಣಪ್ಪ ಕುತ್ತಿಗೆಯಿಂದ ಪಾಸು ತೆಗೆದು ಮೇಜಿನ ಮೇಲಿಟ್ಟ. ಉಪ್ಪಿನಕಾಯಿಯ ಡಬ್ಬಿ ಅಲ್ಲೇ ಉಳಿಯಿತು. ಎರಡು ದಿನದ ಮೇಲೆ ಸುನೀತಾ ಅದನ್ನು ತೊಳೆದು ಇಟ್ಟಳು.

ಮುಂದಿನ ಗುರುವಾರ ಸುನೀತಾ ರಜೆ ಬಿಟ್ಟು ಬಂದಳು, ಇನ್ನು ಇಬ್ಬರೇ ಆದ್ದರಿಂದ. ಕರೆಂಟು ಮೂರಕ್ಕೆ ಬಂತು. ನಾನು ಪಟ್ಟಿ ಸುರಿದೆ. ಅವಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ನಾನು ಏಳಬೇಕೆನ್ನುವಾಗ ಪರದೆಯ ಮೇಲೆ ಬೆರಳಿಟ್ಟಳು.

"ಅನಂತ, ಇದು ಪ್ರೆಸ್ಸು ಅಲ್ಲ. ಪ್ರೆಸ್ಸಿನವರ ಮನೆ." ಕೆಳಗೆ ಸರಿಸಿದಳು. "ಇದೂ ಮನೆ. ಇದೂ."

ಪಟ್ಟಿಯ ಬಹುಪಾಲು ಮನೆಗಳ ಮೇಲೆ ಕುಳಿತಿತ್ತು. ಅಂಗಡಿಗಳ ಸೆಷನ್ನೇ ಇರಲಿಲ್ಲ.

"ಅಂಗಡಿ ಎಲ್ಲಿ ಹೋದವು?" ಎಂದೆ.

ಅವಳು ನನ್ನ ಮುಖ ನೋಡಿದಳು. "ನೀನು ಪುಣೆಯಲ್ಲಿ ಹುಟ್ಟಿದವನೋ ಏನು? ಒಂದರಿಂದ ನಾಲ್ಕು ಯಾವ ದುಕಾನದವನು ಬಾಗಿಲು ತೆಗೆದಿರುತ್ತಾನೆ? ಊಟ ಮಾಡಿ ಮಲಗಿರುತ್ತಾರೆ."

ಅಷ್ಟೇ ಆಗಿತ್ತು. ಬರಿಯ ಹೆಸರು ಕೊಟ್ಟರೆ ರೂಟರ್ ಆ ಹೆಸರಿನಲ್ಲಿ ಮೊದಲು ಬಂದ ಸೆಷನ್ನಿಗೆ ಸೇವೆ ಕೊಡುತ್ತಿತ್ತು. ಬೆಳಗ್ಗೆ ಮೊದಲು ಬರುವುದು ಅಂಗಡಿ. ನಾನು ಪರೀಕ್ಷಿಸಿದ್ದು ಬೆಳಗಿನಲ್ಲಿ. ಗುರುವಾರ ಮಧ್ಯಾಹ್ನ ಮೊದಲು ಬರುವುದು ಮನೆ. ಮನೆಗಳಿಗೆ ವೇಗ ಕೊಡುತ್ತಿದ್ದವನು ನಾನು. ಶರಣಪ್ಪ ನನ್ನ ನಂತರ ಕುಳಿತು ಒಂದೊಂದನ್ನೇ ತೆಗೆದು, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಫೋನು ಮಾಡಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತು.

ಸುನೀತಾ ಎದ್ದುಹೋಗಿ ಹಾಜರಿ ಪುಸ್ತಕ ತಂದಳು. ಪ್ರೆಸ್ಸಿನವರು ಯಾವ ಗುರುವಾರದ ಬಗ್ಗೆ ದೂರಿದ್ದರೋ ಆ ದಿನ ಶರಣಪ್ಪ ಕಾರಹುಣ್ಣಿಮೆಗೆಂದು ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ತೆಗೆಯುವವರು ಇಲ್ಲದ್ದರಿಂದ ಮನೆಗೆ ಹೋದದ್ದು ಮನೆಯಲ್ಲೇ ಉಳಿದಿತ್ತು. ದೇವಧರ ಆ ತಾರೀಖು ನೋಡಿರಲಿಲ್ಲ. ನಾನು ನೋಡಿರಲಿಲ್ಲವೇ? ಅವನು ಊರಿಂದ ತಂದ ಹೋಳಿಗೆ ತಿಂದವನು ನಾನು. ಅವನು ಯಾವ ದಿನ ಇರಲಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಅದನ್ನು ಪಕ್ಕಕ್ಕಿಟ್ಟೆನೋ ಎಂಬ ಶಂಕೆ ಈಗಲೂ ಇದೆ.

ಸೋಮವಾರ ದೇವಧರರ ಕೋಣೆಗೆ ಹೋಗಿ ಪಟ್ಟಿಯ ವಿಷಯ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ನಾನು ಮೇಲಕ್ಕೆ ಬರೆದಾಗಿದೆ. ನಿನ್ನ ಕಾಗದವೂ ಹೋಗಿದೆ. ಪಟ್ಟಿಯಲ್ಲಿ ತಪ್ಪಿತ್ತು, ಸರಿ ಮಾಡಿಕೋ. ಆದರೆ ಅವನು ಒತ್ತಿದ ಸಾಲನ್ನು ನೀನು ಕಂಡಿದ್ದೀ. ಕಂಡಿದ್ದೀ ತಾನೇ?"

ಆಗ ಇಲ್ಲ ಎನ್ನಬಹುದಿತ್ತು. ಅದಕ್ಕಾಗಿಯೇ ಹೋಗಿದ್ದೆ. ಅವರು, "ಕಂಡಿಲ್ಲವಾದರೆ ಹಾಗೆಂದು ಬರೆದುಕೊಡು. ನಾನು ಬೇಡ ಎನ್ನುವುದಿಲ್ಲ," ಎಂದು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾಳೆ ಬರೆದುಕೊಡುತ್ತೇನೆ ಎಂದೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಮುಂದಿನ ಭಾನುವಾರ ಶರಣಪ್ಪನನ್ನು ಹುಡುಕಿಕೊಂಡು ಹೋದೆ. ಸ್ವಾರಗೇಟದ ಬಸ್ ನಿಲ್ದಾಣದ ಆಚೆ ರಸ್ತೆ ಅಗೆದಿದ್ದರು. ಬೇರೊಂದು ಕಂಪನಿಯ ಕೇಬಲ್ಲು. ಸೊಂಟದವರೆಗಿನ ತಗ್ಗಿನಲ್ಲಿ ನಿಂತು ಅವನು ಡಬ್ಬಿಯಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ. ನನ್ನನ್ನು ಕಂಡು ಮೇಲೆ ಹತ್ತಿ ಬಂದು ಗೋಣಿಯ ತುಂಡಿನಿಂದ ಕೈ ಒರೆಸಿಕೊಂಡ.

"ಏನ್ರಿ ರಾಯರ, ಈ ಕಡಿ?"

ಎಲ್ಲ ಹೇಳಿದೆ. ಪಟ್ಟಿ, ಮನೆಗಳು, ಸುನೀತಾ ಬೆರಳಿಟ್ಟದ್ದು.

"ಕೊಟ್ಟವರು ನೀವು ಅಂತ ನನಗ ಮೊದಲಿಂದ ಗೊತ್ತಿತ್ರಿ," ಎಂದ.

"ಅವತ್ತು ಸಾಹೇಬ್ರು ಕೇಳಿದಾಗ ಯಾಕ ಹೇಳಲಿಲ್ಲ?"

"ನೀವು ಕಂಡಿಲ್ಲ ಅಂತೀರ ಅಂತ ಕಾದೆ. ಅಷ್ಟ ಸಾಕಿತ್ರಿ. ಇಬ್ಬರೂ ಉಳೀತಿದ್ವಿ." ತಗ್ಗಿನಲ್ಲಿದ್ದ ಯಾರೋ ಅವನನ್ನು ಕೂಗಿದರು. ಕೈ ಎತ್ತಿ ತಡಿ ಎಂದು ಸನ್ನೆ ಮಾಡಿದ. "ಈಗ ಬರದು ಕೊಟ್ಟೀರೇನ್ರಿ?"

"ಹೇಳೀನಿ."

"ಹೇಳಿದ್ದು ಕೇಳ್ಲಿಲ್ರಿ. ಅವತ್ತು ಬರದು ಸಹಿ ಮಾಡಿದ್ರಲ್ಲ, ಹಂಗ."

"ಇನ್ನೂ ಇಲ್ಲ."

ಅವನು ನನ್ನ ಚಪ್ಪಲಿಯ ಕೆಸರು ನೋಡಿದ. "ಹಂಗಾದ್ರ ಇಷ್ಟು ದೂರ ಯಾಕ ಬಂದ್ರಿ? ಮಳಿ ಜೋರ್ ಆಗ್ತದ, ಹೋಗ್ರಿ. ಬಸ್ಸು ತುಂಬತಾವ," ಎಂದು ತಗ್ಗಿಗೆ ಇಳಿದ.

ಜುಲೈ ಕೊನೆಗೆ ಖಾಯಂ ಆದ ಕಾಗದ ನನ್ನ ಹೆಸರಿಗೆ ಬಂತು. ಸಹಿ ಮಾಡಿ ತೆಗೆದುಕೊಂಡೆ. ಆ ಬಿಳಿ ಹಾಳೆಯನ್ನು ತುಂಬಲಿಲ್ಲ.

ಆಮೇಲೆ ಮನೆಯಲ್ಲಿ ಒಮ್ಮೆ ತಮ್ಮನನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ಎರಡು ಹೆಜ್ಜೆ ಹಿಂದೆ, ಒಂದು ಮೊಳ ಬಲಕ್ಕೆ ನಿಂತು ನೋಡಿದ್ದೇನೆ. ಸಾಲಿನ ಶುರು ಕಾಣುವುದಿಲ್ಲ. ಆದರೆ ಶರಣಪ್ಪ ಎಂಟರ್ ಒತ್ತುವಾಗ ತಲೆಯನ್ನು ಸ್ವಲ್ಪ ಸರಿಸುತ್ತಿದ್ದ. ಆ ದಿನ ಸರಿಸಿದನೋ ಇಲ್ಲವೋ ನೆನಪಿಲ್ಲ. ಕಂಡಿಲ್ಲ ಎಂಬುದು ಈಗ ನನಗೆ ಅನುಕೂಲದ ಮಾತು, ಹಾಗಾಗಿ ಅದನ್ನೂ ಪೂರ್ತಿ ನಂಬುವುದಿಲ್ಲ. ಕಂಡೀನಿ ಎಂದದ್ದು ಸುಳ್ಳು. ಅಷ್ಟನ್ನು ಇಲ್ಲಿ ಬರೆದುಕೊಡುತ್ತಿದ್ದೇನೆ.

ದೇವಧರ ತೀರಿಕೊಂಡು ಕೆಲವು ವರ್ಷಗಳಾದವು. ಮುಂದಿನ ಗುರುವಾರ ನನ್ನ ಪಟ್ಟಿ ಮನೆಗಳ ಮೇಲೆ ಕುಳಿತದ್ದನ್ನು ಕಂಡವಳು ಸುನೀತಾ. ಅವಳು ಸಾಸವಡದಲ್ಲಿದ್ದಾಳೆ, ಕೇಳಿದರೆ ತಾರೀಖಿನ ಸಮೇತ ಹೇಳುತ್ತಾಳೆ. ಮೂರೂ ಹತ್ತಕ್ಕೆ ಪರದೆಯ ಮೇಲೆ ಏನಿತ್ತು ಎಂಬುದನ್ನು ಮೊದಲ ಅಕ್ಷರದಿಂದ ಕಂಡವನು ಶರಣಪ್ಪ ಒಬ್ಬನೇ. ಅವನು ಬದುಕಿದ್ದಾನೆ, ಯೆರವಡಾದಲ್ಲೇ ಇದ್ದಾನೆ. ಅವನನ್ನು ಇದುವರೆಗೆ ಯಾರೂ ಕೇಳಿಲ್ಲ.